ಬಸ್ಸು-ರೈಲು ಹಬ್‌ಗೆ ಡಿಸೈನ್ ಕನ್ಸಲ್ಟೆಂಟ್: 70:30 ಸಾಕಾ, 80:20 ಬೇಕಾ?

ಪ್ರಶ್ನೆ (ರಿಟೈರ್ಡ್ ಸಿವಿಲ್ ಮೇಷ್ಟ್ರು)

ನಮ್ಮೂರಿನ ರೈಲ್ವೆ ಸ್ಟೇಷನ್ ಎದುರಿನ ಹಳೇ ಬಸ್ ನಿಲ್ದಾಣ ಕೆಡವಿ, ಸಿಟಿ ಬಸ್ಸು, ಪರವೂರ ಬಸ್ಸು, ರೈಲು, ಆಟೋ ಎಲ್ಲ ಒಂದೇ ಕಡೆ ಸಿಗುವ ಹಬ್ ಕಟ್ಟುತ್ತಾರಂತೆ. ಡಿಸೈನ್ ಕನ್ಸಲ್ಟೆಂಟ್ ಆರಿಸುವ ಕಮಿಟಿಗೆ ನನ್ನನ್ನೂ ಹಾಕಿದ್ದಾರೆ. ಕರಡು ಟೆಂಡರ್‌ನಲ್ಲಿ ಟೆಕ್ನಿಕಲ್‌ಗೆ 70, ದರಕ್ಕೆ 30. ಟೆಕ್ನಿಕಲ್‌ನ 100 ಅಂಕದಲ್ಲಿ ಕಂಪನಿಯ ವಹಿವಾಟು, ಹಳೇ ಕೆಲಸಗಳಿಗೇ 60. ಟೀಮಿಗೆ 30. ಕೆಲಸ ಹೇಗೆ ಮಾಡುತ್ತೀರಿ ಅನ್ನೋದಕ್ಕೆ ಬರೀ 10.

ಮೊನ್ನೆ ಸಂಜೆ ಸುಮ್ನೆ ಅಲ್ಲಿ ನಿಂತು ನೋಡಿದೆ. ತಲೆ ಮೇಲೆ ಸೊಪ್ಪಿನ ಮೂಟೆ ಇಟ್ಟುಕೊಂಡ ಹೆಂಗಸೊಬ್ಬಳು ಪ್ಲಾಟ್‌ಫಾರ್ಮಿನಿಂದ ತನ್ನ ಬಸ್ಸಿಗೆ ಹೋಗಲು ಎರಡು ಸಲ ರಸ್ತೆ ದಾಟಿದಳು, ಒಂದು ಡಿವೈಡರ್ ಹತ್ತಿ ಇಳಿದಳು. ಅಷ್ಟರಲ್ಲಿ ಬಸ್ಸು ಹೊರಟಿತ್ತು. ಇದನ್ನು ಗಮನಿಸುವ ಕನ್ಸಲ್ಟೆಂಟ್‌ಗೆ ಈ ಕರಡಿನಲ್ಲಿ ಅಂಕ ಎಲ್ಲಿದೆ?

ಉತ್ತರ 1 (ಹಿಂದೆ ಟೆಂಡರ್ ವಿಭಾಗದಲ್ಲಿದ್ದವಳು)

ಸಾರ್, ನಾನು ಒಂದು ಕನ್ಸಲ್ಟೆನ್ಸಿಯಲ್ಲಿ ಬಿಡ್, ಅಂದರೆ ಟೆಂಡರ್‌ಗೆ ಹಾಕುವ ಅರ್ಜಿ, ತಯಾರಿಸುತ್ತಿದ್ದೆ. ಒಬ್ಬರೇ ಟೀಮ್ ಲೀಡರ್ ಸಿವಿಯನ್ನು ಒಂದೇ ತಿಂಗಳು ನಾಲ್ಕು ಊರಿನ ಟೆಂಡರ್‌ಗೆ ಹಾಕಿದ್ದೇವೆ. ಗೆದ್ದ ಊರಿಗೆ ಅವರು ಹೋಗಿದ್ದು ಒಂದೇ ದಿನ, ಶಾಲು-ಹಾರದ ಫೋಟೋಗೆ. ಆಮೇಲೆ ಡ್ರಾಯಿಂಗ್ ಮಾಡಿದ್ದು ಕಾಲೇಜು ಮುಗಿಸಿ ಆರು ತಿಂಗಳಾಗಿದ್ದ ಹುಡುಗರು. ಪಾಪ, ಅವರ ತಪ್ಪಲ್ಲ.

ಹಾಗಾಗಿ ಸಿವಿಗೆ ಅಂಕ ಕೊಡುವಾಗ, ಆ ಮನುಷ್ಯ ನಿಮ್ಮೂರಲ್ಲಿ ಎಷ್ಟು ದಿನ ಇರುತ್ತಾರೆ ಅಂತ ಬರೆಸಿಕೊಳ್ಳಿ. ಪ್ರೆಸೆಂಟೇಷನ್ ಅವರೇ ಕೊಡಬೇಕು, ಮಾರ್ಕೆಟಿಂಗ್‌ನವರಲ್ಲ. ಆಮೇಲೆ ಆಳು ಬದಲಾಯಿಸಿದರೆ ಬಿಲ್ಲಿನಲ್ಲಿ ಕಡಿತ ಅಂತ ಕರಾರಿನಲ್ಲೇ ಇರಲಿ. ವಹಿವಾಟು ಅರ್ಹತೆಯ ಷರತ್ತಾಗಿದ್ದರೆ ಸಾಕು. ಇಷ್ಟಿದ್ದರೆ ಒಳಗೆ ಬನ್ನಿ, ಅಷ್ಟೇ. ಅದಕ್ಕೆ ಮತ್ತೆ ಅಂಕ ಯಾಕೆ?

ಉತ್ತರ 2

70:30, 80:20 ವ್ಯತ್ಯಾಸ ಸಣ್ಣದು ಅನ್ನಿಸುತ್ತೆ. ಲೆಕ್ಕ ಹಾಕಿ ನೋಡಿ. ‘ಎ’ ಕಂಪನಿಗೆ ಟೆಕ್ನಿಕಲ್ 90, ದರ 2 ಕೋಟಿ. ‘ಬಿ’ಗೆ 78, ದರ 1.2 ಕೋಟಿ. ಕಡಿಮೆ ದರದವರಿಗೆ ದರದಲ್ಲಿ 100 ಅಂಕ, ಆ ಲೆಕ್ಕದಲ್ಲಿ ‘ಎ’ಗೆ 60 (1.2 ಅನ್ನು 2ರಿಂದ ಭಾಗಿಸಿ, 100ರಿಂದ ಗುಣಿಸಿ).

70:30 ಇಟ್ಟರೆ ‘ಎ’ 81 (90ರಲ್ಲಿ ಶೇ 70, 60ರಲ್ಲಿ ಶೇ 30 ಕೂಡಿಸಿ), ‘ಬಿ’ 84.6. ಬಿ ಗೆದ್ದಿತು.
80:20 ಇಟ್ಟರೆ ‘ಎ’ 84, ‘ಬಿ’ 82.4. ಎ ಗೆದ್ದಿತು.

ಕಂಪನಿಗಳು ಅವೇ, ಕವರ್ರೂ ಅವೇ. ಲಕೋಟೆ ಒಡೆಯುವ ಮೊದಲೇ ಅರ್ಧ ತೀರ್ಮಾನ ಆಗಿರುತ್ತೆ, ಅಲ್ವಾ? ನಾನಾದರೆ 80:20 ಕೇಳುತ್ತಿದ್ದೆ. ಡಿಸೈನ್ ಫೀಸು ಇಡೀ ಕಟ್ಟಡದ ಖರ್ಚಿನ ಮುಂದೆ ಸಣ್ಣ ಚೂರು. ಅಲ್ಲಿ ಉಳಿಸಿ ಕಾಂಕ್ರೀಟಿನಲ್ಲಿ ಕಳೆಯೋದು ಯಾಕೆ?

ಉತ್ತರ 3 (ಬೆಂಗಳೂರಿನಿಂದ)

ಅಂಕಕ್ಕಿಂತ ಮುಂಚೆ ಒಂದು ಪ್ರಶ್ನೆ. ಡ್ರಾಯಿಂಗ್‌ಗೆ ಸಹಿ ಹಾಕೋರು ಯಾರು? ನಮ್ಮ ಮೆಜೆಸ್ಟಿಕ್ ನೋಡಿ. ಸಿಟಿ ಬಸ್ಸು ಬಿಎಂಟಿಸಿ, ಪರವೂರ ಬಸ್ಸು ಕೆಎಸ್‌ಆರ್‌ಟಿಸಿ, ರೈಲು ನೈಋತ್ಯ ರೈಲ್ವೆ, ಮೆಟ್ರೋ ಬಿಎಂಆರ್‌ಸಿಎಲ್. ಒಂದೇ ಜಾಗ, ನಾಲ್ಕು ಯಜಮಾನರು. ನಿಮ್ಮಲ್ಲಿ ರೈಲ್ವೆ ಜಾಗ ಒಂದಡಿ ಬೇಕಾದರೂ ಅವರ ಒಪ್ಪಿಗೆ ಬೇಕು. ಕಮಿಟಿಯಲ್ಲಿ ರೈಲ್ವೆಯವರು ಇದ್ದಾರಾ?

ಪ್ರಶ್ನೆ ಕೇಳಿದವರು

ರೈಲ್ವೆಯವರು ಇಲ್ಲ. ಕರಡಿನಲ್ಲಿ ರೈಲ್ವೆ ಅನ್ನೋ ಮಾತು ಬರೋದೇ ಒಂದು ಸಲ, ಅದೂ ಚೆಕ್ಕುಬಂದಿಯಲ್ಲಿ! ಕರೆಸಿ ಅಂತ ಇವತ್ತೇ ಪತ್ರ ಬರೆದೆ.

ಎ-ಬಿ ಲೆಕ್ಕವನ್ನು ಹಾಳೆಯಲ್ಲಿ ಬರೆದು ಮೀಟಿಂಗ್‌ಗೆ ಒಯ್ದೆ. 80:20ಕ್ಕೆ ಒಪ್ಪಿದರು. ವಹಿವಾಟಿನ ಅಂಕ ತೆಗೆಯಲು ಮಾತ್ರ ಅಕೌಂಟ್ಸ್‌ನವರು ಬಿಲ್‌ಕುಲ್ ಒಪ್ಪಲಿಲ್ಲ. ಕೊನೆಗೆ 15ಕ್ಕೆ ಇಳಿಸಿದೆವು. ಬಿಡ್ ಹಾಕುವ ಮೊದಲು ಟೀಮ್ ಲೀಡರ್ ಖುದ್ದಾಗಿ ಬಂದು ಪ್ಲಾಟ್‌ಫಾರ್ಮಿನಿಂದ ಬಸ್ಸಿನವರೆಗೆ ನಡೆಯಬೇಕು ಅಂತ ಒಂದು ಷರತ್ತನ್ನೂ ಸೇರಿಸಿದ್ದೇನೆ. ಸಮಯ ಸಂಜೆ ಆರು. ಸೊಪ್ಪಿನವರು ಬರುವ ಹೊತ್ತು.