'ಅದುರಾಟ', 'ಸರಿದೂಗಿಸು', 'ಇಮ್ಮಡಿ': ಇಂಜಿನ್ ಪಾಠಕ್ಕೆ ಈ ಪದಗಳು ಒಗ್ಗುತ್ತವೆಯೇ?

ಎಲ್ಲರಿಗೂ ನಮಸ್ಕಾರ.

ಐಟಿಐನಲ್ಲಿ ಮೆಕ್ಯಾನಿಕ್ ಕೆಲಸ ಕಲಿಯುವ ಮಕ್ಕಳಿಗಾಗಿ ಕನ್ನಡದಲ್ಲಿ ಇಂಜಿನ್ ಪಾಠ ಬರೆಯುತ್ತಿದ್ದೇನೆ. ಪಿಸ್ಟನ್ (ಸಿಲಿಂಡರ್ ಎಂಬ ಕೊಳವೆಯೊಳಗೆ ಮೇಲೆ ಕೆಳಗೆ ಆಡುವ ಭಾಗ), ಕ್ರ್ಯಾಂಕು (ಆ ಆಟದಿಂದ ಸುತ್ತುವ ದಂಡ), ಕನೆಕ್ಟಿಂಗ್ ರಾಡು (ಇವೆರಡನ್ನೂ ಸೇರಿಸುವ ಸರಳು) ಎಲ್ಲ ಹಾಗೇ ಇರಲಿ. ಗ್ಯಾರೇಜಿನಲ್ಲಿ ಯಾರೂ ಅವನ್ನು ಬೇರೆ ಹೆಸರಿನಿಂದ ಕರೆಯುವುದಿಲ್ಲ. ನಾನು ನಿಂತಿರುವುದು ವೈಬ್ರೇಷನ್ ಮತ್ತು ಬ್ಯಾಲೆನ್ಸಿಂಗ್ ಹತ್ತಿರ. ಇವು ಬಿಡಿಭಾಗದ ಹೆಸರಲ್ಲ, ಇಂಜಿನ್ ಒಳಗೆ ನಡೆಯುವ ಕೆಲಸ. ಅದನ್ನು ನಮ್ಮ ಮಾತಿನಲ್ಲಿ ಹೇಳಿದರೆ ಮಕ್ಕಳಿಗೆ ಬೇಗ ಹತ್ತುತ್ತದೆ.

ಮೊದಲು ವೈಬ್ರೇಷನ್. ಪಠ್ಯಗಳಲ್ಲಿ 'ಕಂಪನ' ಅಂತಿರುತ್ತದೆ. ತಪ್ಪೇನಿಲ್ಲ. ಆದರೆ ಗದ್ದೆಯಲ್ಲಿ ಟಿಲ್ಲರ್ ಹಿಡಿದವರು 'ಹಿಡಿ ಅದುರುತ್ತೆ, ಕೈ ಜುಮ್ ಅನ್ನುತ್ತೆ' ಅನ್ನುತ್ತಾರೆ. ನಮ್ಮಲ್ಲಿ ಇದಕ್ಕೆ ಹತ್ತಿರದ ಮಾತುಗಳು ಎಷ್ಟೊಂದಿವೆ ನೋಡಿ. ಚಳಿಗೆ ಮೈ ನಡುಗುತ್ತದೆ. ಸಡಿಲವಾದ ಹಲ್ಲು ಅಲುಗುತ್ತದೆ. ಹಳ್ಳದ ದಾರಿಯಲ್ಲಿ ಬಸ್ಸು ಕುಲುಕಾಡುತ್ತದೆ. ರೈಲು ಹೋದರೆ ಕಿಟಕಿಯ ಗಾಜು ಅದುರುತ್ತದೆ. ಮೆಕ್ಯಾನಿಕ್‌ಗೆ ಈ ವ್ಯತ್ಯಾಸ ಬಹಳ ಮುಖ್ಯ. ಇಂಜಿನ್ ಅಲುಗಿದರೆ ಬೋಲ್ಟ್ ಬಿಗಿ ಮಾಡಬೇಕು. ಬಿಗಿಯಾಗಿದ್ದೂ ಅದುರಿದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು. ಹಾಗಾಗಿ 'ಅದುರು' ನನಗೆ ಸರಿ ಅನಿಸಿದೆ.

ಒಂದು ತೊಡಕಿದೆ. ಅದನ್ನೇ ನಾಮಪದ ಮಾಡಿದರೆ ಕಬ್ಬಿಣದ ಅದಿರಿನ ನೆನಪಾಗುತ್ತದೆ. ಎಷ್ಟೋ ಕಡೆ ಅದಿರನ್ನೂ 'ಅದುರು' ಎಂದೇ ಬರೆಯುತ್ತಾರೆ. ಕಬ್ಬಿಣದ ಇಂಜಿನ್ನಿನ ಪಾಠದಲ್ಲಿ ಈ ಗೊಂದಲ ಬೇಡ ಅಲ್ವಾ? ಅದಕ್ಕೇ 'ಅದುರಾಟ' ಎಂದು ಬರೆದಿದ್ದೇನೆ.

ಇನ್ನು ಬ್ಯಾಲೆನ್ಸಿಂಗ್. 'ಸಮತೋಲನ' ಅಂದರೆ ನನ್ನ ಕಣ್ಣ ಮುಂದೆ ಬರುವುದು ಹಗ್ಗದ ಮೇಲೆ ಬೀಳದೆ ನಿಂತಿರುವ ಮನುಷ್ಯ. ಇಂಜಿನ್ನಿನಲ್ಲಿ ಆಗುವುದು ಹಾಗಲ್ಲ. ಪಿಸ್ಟನ್ ಮೇಲೆ ಹೋಗಿ ನಿಂತು ಕೆಳಗೆ ತಿರುಗುವಾಗ ಇಡೀ ಇಂಜಿನ್ನನ್ನು ಮೇಲಕ್ಕೆ ಎಳೆಯುತ್ತದೆ. ಕೆಳಗಿನ ತುದಿಯಲ್ಲಿ ಕೆಳಕ್ಕೆ ತಳ್ಳುತ್ತದೆ. ಇಂಜಿನ್ನಿನ ಓಟದ ವೇಗ ಎರಡು ಪಟ್ಟಾದರೆ ಈ ಎಳೆತ ನಾಲ್ಕು ಪಟ್ಟಾಗುತ್ತದೆ. ನಿಮಿಷಕ್ಕೆ 1500 ಸುತ್ತಿನಲ್ಲಿ ತಡೆದುಕೊಳ್ಳುವಂತಿದ್ದ ಅದುರಾಟ 3000ದಲ್ಲಿ ಕೈ ಮರಗಟ್ಟಿಸುವುದು ಇದಕ್ಕೇ. ಈ ಎಳೆತಕ್ಕೆ ಎದುರಾಗಿ ಕ್ರ್ಯಾಂಕಿನ ಇನ್ನೊಂದು ಬದಿಗೆ ತೂಕ ಇಡುತ್ತಾರೆ. ಅದೂ ಸುತ್ತುತ್ತಾ ಇರುತ್ತದೆ, ಪ್ರತಿ ಕ್ಷಣವೂ ಎದುರು ಕಡೆಗೆ ಎಳೆಯುತ್ತಾ ಇರುತ್ತದೆ. ಇದಕ್ಕೆ 'ಸರಿದೂಗಿಸು' ಎಷ್ಟು ಚೆನ್ನಾಗಿ ಹೊಂದುತ್ತದೆ! ತಕ್ಕಡಿಯಲ್ಲಿ ಅಕ್ಕಿ ತೂಗುತ್ತೇವೆ, ತೊಟ್ಟಿಲನ್ನೂ ತೂಗುತ್ತೇವೆ. ತೂಕವೂ ಆಟವೂ ಒಂದೇ ಮಾತಿನಲ್ಲಿವೆ. ಇಂಜಿನ್ನಿನಲ್ಲೂ ಎರಡೂ ಒಟ್ಟಿಗೇ ಇವೆ.

ಒಂದೇ ಸಿಲಿಂಡರ್ ಇದ್ದರೆ ಪೂರ್ತಿ ಸರಿದೂಗಿಸಲು ಬರುವುದಿಲ್ಲ. ಪಿಸ್ಟನ್ ಆಡುವುದು ಮೇಲೆ ಕೆಳಗೆ ಮಾತ್ರ, ತೂಕ ಸುತ್ತುವುದು ಎಲ್ಲ ಕಡೆಗೂ. ಪಿಸ್ಟನ್ನಿಗೆ ಪೂರ್ತಿ ಸಮನಾಗಿ ತೂಕ ಹಾಕಿದರೆ ಮೇಲೆ ಕೆಳಗಿನ ಅದುರಾಟ ಹೋಗಿ ಅಷ್ಟೇ ಜೋರಿನದು ಅಡ್ಡಕ್ಕೆ ಬರುತ್ತದೆ. ಆದ್ದರಿಂದ ಸುಮಾರು ಅರ್ಧದಷ್ಟೇ ಹಾಕಿ ಎರಡೂ ಕಡೆ ಸ್ವಲ್ಪ ಸ್ವಲ್ಪ ಉಳಿಸುತ್ತಾರೆ. ಆ ಉಳಿಕೆಯನ್ನು ತೆಗೆಯಲು ಕ್ರ್ಯಾಂಕಿಗೆ ಎದುರು ದಿಕ್ಕಿನಲ್ಲಿ ಸುತ್ತುವ, ತೂಕವಿರುವ ಇನ್ನೊಂದು ಶಾಫ್ಟು (ದಂಡ) ಬೇಕು. ಹಳೆಯ ರಾಯಲ್ ಎನ್‌ಫೀಲ್ಡ್ ಬುಲೆಟ್‌ನಲ್ಲಿ ಅದು ಇರಲಿಲ್ಲ. ಅದೇ ಕಂಪನಿಯ 2020ರ ಮೀಟಿಯರ್ 350 ಬೈಕಿನಲ್ಲಿ ಇದೆ. ಎರಡನ್ನೂ ಓಡಿಸಿದವರಿಗೆ ನಾನು ಹೇಳಬೇಕಿಲ್ಲ. ಇದನ್ನು 'ಸರಿದೂಗುವ ಶಾಫ್ಟು' ಅನ್ನೋಣವೇ, 'ತೂಕದ ಶಾಫ್ಟು' ಅನ್ನೋಣವೇ?

ನಾನು ಜಾಸ್ತಿ ದಿನ ಯೋಚಿಸಿದ್ದು ಮುಂದಿನದನ್ನು. ಇಂಗ್ಲಿಷಿನಲ್ಲಿ ಅದುರಾಟವನ್ನು ಪ್ರೈಮರಿ, ಸೆಕೆಂಡರಿ ಎಂದು ವಿಂಗಡಿಸುತ್ತಾರೆ. 'ಪ್ರಾಥಮಿಕ', 'ದ್ವಿತೀಯಕ' ಎಂದು ಬರೆದರೆ ಮಕ್ಕಳಿಗೆ ಶಾಲೆಯ ನೆನಪಾಗುತ್ತದೆ, ಅದುರಾಟದ್ದಲ್ಲ. ವಿಷಯ ಇಷ್ಟೇ. ಕನೆಕ್ಟಿಂಗ್ ರಾಡು ಓರೆಯಾಗಿ ವಾಲುವುದರಿಂದ ಪಿಸ್ಟನ್ನಿನ ಓಟ ಮೇಲಿನ ಅರ್ಧದಲ್ಲಿ ಒಂದು ಥರ, ಕೆಳಗಿನ ಅರ್ಧದಲ್ಲಿ ಇನ್ನೊಂದು ಥರ. ಪಿಸ್ಟನ್ ಒಟ್ಟು 100 ಮಿ.ಮೀ. ಇಳಿಯುತ್ತದೆ, ರಾಡು 200 ಮಿ.ಮೀ. ಉದ್ದ ಇದೆ ಅನ್ನಿ. ಕ್ರ್ಯಾಂಕು ಕಾಲು ಸುತ್ತು ತಿರುಗಿದಾಗ ಪಿಸ್ಟನ್ 50 ಅಲ್ಲ, ಸುಮಾರು 56 ಮಿ.ಮೀ. ಇಳಿದಿರುತ್ತದೆ. ಈ ಏರುಪೇರಿನಿಂದ ಒಂದು ಸುತ್ತು ಮುಗಿಯುವುದರೊಳಗೆ ಎರಡು ಸಲ ಬರುವ ಇನ್ನೊಂದು ಅದುರಾಟ ಹುಟ್ಟುತ್ತದೆ. ಈ ಲೆಕ್ಕದಲ್ಲಿ ಅದರ ಜೋರು ಮೊದಲನೆಯದರ ಕಾಲು ಭಾಗ.

ಕಾರಿನ ನಾಲ್ಕು ಸಿಲಿಂಡರ್ ಸಾಲು ಇಂಜಿನ್ನಿನಲ್ಲಿ ಎರಡು ಪಿಸ್ಟನ್ ಮೇಲೆ ಹೋದರೆ ಎರಡು ಕೆಳಗೆ ಬರುತ್ತವೆ, ಮೊದಲ ಅದುರಾಟ ತಾನಾಗಿ ಸರಿದೂಗುತ್ತದೆ. ಆದರೆ ಈ ಎರಡನೆಯದು ನಾಲ್ಕರಿಂದಲೂ ಒಂದೇ ದಿಕ್ಕಿಗೆ ಬಂದು ಕೂಡಿಕೊಳ್ಳುತ್ತದೆ. ಇದಕ್ಕೆ ಇಂಗ್ಲೆಂಡಿನ ಇಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 20ನೇ ಶತಮಾನದ ಮೊದಲ ದಶಕದಲ್ಲೇ ದಾರಿ ಕಂಡುಕೊಂಡಿದ್ದರು. ಎರಡು ಶಾಫ್ಟು, ಒಂದಕ್ಕೊಂದು ಎದುರು ದಿಕ್ಕು, ಕ್ರ್ಯಾಂಕಿನ ಎರಡರಷ್ಟು ಓಟ. 1970ರ ದಶಕದಲ್ಲಿ ಮಿತ್ಸುಬಿಷಿ ಅದನ್ನು ಕಾರುಗಳಿಗೆ ಮತ್ತೆ ತಂದಿತು.

ನಾನು ಮೊದಲು 'ಸುತ್ತಿಗೊಮ್ಮೆ', 'ಸುತ್ತಿಗೆ ಎರಡು ಸಲ' ಎಂದು ಬರೆದೆ. ಓದಿದವರು 'ಸುತ್ತಿಗೆ' ಅಂದಕೂಡಲೇ ಬಡಿಯುವ ಸುತ್ತಿಗೆ ಅಂದುಕೊಂಡರು. ಆಮೇಲೆ ಹೊಳೆದದ್ದು 'ಇಮ್ಮಡಿ'. ಇಮ್ಮಡಿ ಅಂದರೆ ಎರಡು ಪಟ್ಟು. ಇಮ್ಮಡಿ ಪುಲಕೇಶಿ ಅಂದಾಗ ಎರಡನೆಯ ಪುಲಕೇಶಿ. ನಮಗೂ ಬೇಕಾದದ್ದು ಈ ಎರಡು ಅರ್ಥವೇ: ಇದು ಎರಡನೆಯ ಅದುರಾಟ, ಎರಡು ಪಟ್ಟು ಬೇಗ ಬರುವ ಅದುರಾಟ. 'ಮೊದಲ ಅದುರಾಟ', 'ಇಮ್ಮಡಿ ಅದುರಾಟ'. ಒಂದೇ ಭಯ: ಯಾರಾದರೂ 'ಎರಡು ಪಟ್ಟು ಜೋರು' ಎಂದು ತಿಳಿದಾರೇ? ಇದಕ್ಕೆ ನಿಮ್ಮ ಅಭಿಪ್ರಾಯ ಬೇಕು.

ಕೊನೆಗೆ ಕ್ರ್ಯಾಂಕಿನ ಮೇಲಿನ ಆ ತೂಕದ ಹೆಸರು. ಸದ್ಯಕ್ಕೆ 'ಎದುರುತೂಕ' ಎಂದು ಬರೆದಿದ್ದೇನೆ. ಆದರೆ ಹಳೆಯ ಮಾತು ಇರಲೇಬೇಕು. ತಕ್ಕಡಿಯ ತಟ್ಟೆ ಒಂದು ಕಡೆ ವಾಲಿದರೆ ಹಗುರವಾದ ಬದಿಗೆ ಚಿಕ್ಕ ಕಲ್ಲೋ ಕಬ್ಬಿಣದ ಚೂರೋ ಕಟ್ಟುತ್ತಿದ್ದರಲ್ಲ? ಏತದ ಮರದ ಹಿಂತುದಿಗೂ ಕೆಲವು ಕಡೆ ಕಲ್ಲು ಕಟ್ಟುತ್ತಿದ್ದರು. ಆ ಕಲ್ಲಿಗೆ ನಿಮ್ಮ ಊರಿನಲ್ಲಿ ಏನನ್ನುತ್ತಾರೆ? ಮನೆಯಲ್ಲಿ ಹಿರಿಯರಿದ್ದರೆ ದಯವಿಟ್ಟು ಕೇಳಿ ತಿಳಿಸಿ. ಯಾವ ಜಿಲ್ಲೆಯ ಮಾತು ಎಂಬುದನ್ನೂ ಜೊತೆಗೆ ಬರೆಯಿರಿ.