ಅಪ್‌ಡೇಟ್: ಉರ್ವ ಸ್ಟೋರ್‌ನಿಂದ ಹಂಪನಕಟ್ಟೆಗೆ ಸೈಕಲ್

ಮಂಗಳೂರಿನ ಏರುತಗ್ಗಲ್ಲಿ ಕಾರು ಬಿಟ್ಟು ಸೈಕಲಲ್ಲಿ ಆಫೀಸಿಗೆ ಹೋಗಬಹುದಾ, ಗೇರ್ ಬೇಕಾ ಅಂತ ಮಳೆಗಾಲಕ್ಕೆ ಮುಂಚೆ ಕೇಳಿದ್ದೆ. ಹೋಗ್ತಾ ಇದ್ದೇನೆ. ಗೇರ್ ಬೇಕೇ ಬೇಕು ಮಾರಾಯ್ರೆ.

ಲಾಲ್‌ಬಾಗ್, ಪಿವಿಎಸ್ ಸರ್ಕಲ್ ದಾರಿ ನೇರ ಉಂಟು, ಆದರೆ ಬೆಳಗ್ಗೆ ಅಲ್ಲಿ ಸಿಟಿ ಬಸ್ಸುಗಳ ಪೈಪೋಟಿ. ಹಾರ್ನ್ ಹೊಡೆದು ನಮ್ಮನ್ನು ದಾಟಿದ ಬಸ್ಸು ನಾಲ್ಕು ಮಾರು ಮುಂದೆ ಎಡಕ್ಕೆ ಎಳೆದು ನಿಲ್ತದೆ. ಹಾಗಾಗಿ ನಿಮ್ಮಲ್ಲೊಬ್ಬರು ಹೇಳಿದಂತೆ ಮಣ್ಣಗುಡ್ಡ, ಕುದ್ರೋಳಿ, ರಥಬೀದಿ ಸುತ್ತಿಕೊಂಡು ಹೋಗ್ತೇನೆ. ಕೊನೆಗೆ ಹಂಪನಕಟ್ಟೆಗೆ ಹತ್ತುವುದು ಇದ್ದೇ ಇದೆ. ಏರು ಶುರುವಾಗುವ ಮೊದಲೇ ಗೇರ್ ಇಳಿಸ್ಬೇಕು. ಪೆಡಲಿಗೆ ಭಾರ ಬಿದ್ದ ಮೇಲೆ ಒತ್ತಿದ್ರೆ ಚೈನು ಕಟಕಟ ಅಂತ ಹಲ್ಲು ತಪ್ಪಿಸ್ತದೆ.

ಮಳೆಯಲ್ಲಿ ರಬ್ಬರ್ ಬ್ರೇಕ್ ಒತ್ತಿದ ತಕ್ಷಣ ಹಿಡಿಯುವುದಿಲ್ಲ, ಮೊದಲು ರಿಮ್ಮಿನ ನೀರು ಒರೆಸಿಕೊಳ್ತದೆ. ಇಳಿಜಾರಲ್ಲಿ ಮುಂಚಿನಿಂದಲೇ ಮೆಲ್ಲ ಒತ್ತಿಕೊಂಡಿರ್ಬೇಕು. ಚೈನಿಗೆ ಎಣ್ಣೆ ಬಿಡುವ ಮೊದಲು ಹಳೇ ಬಟ್ಟೆಯಲ್ಲಿ ಒರೆಸಿ. ಕಡಲ ಗಾಳಿಗೆ ಇಲ್ಲಿ ತುಕ್ಕು ಬೇಗ.

ಬೆವರಿಗೆ ಮದ್ದಿಲ್ಲ. ಮಳೆಗೆ ರೈನ್‌ಕೋಟ್ ಹಾಕಿದ್ರೂ ಒಳಗಿಂದ ಒದ್ದೆಯೇ. ಬ್ಯಾಗಲ್ಲಿ ಒಂದು ಅಂಗಿ, ಒಂದು ಟವೆಲ್ ಯಾವಾಗಲೂ ಇರ್ತದೆ.

ಕಾರು ಮಾರಿಲ್ಲ. ಅಮ್ಮನನ್ನು ಕಟೀಲಿಗೆ ಕರ್ಕೊಂಡು ಹೋಗ್ಲಿಕ್ಕೆ ಬೇಕು. ಕೊಟ್ಟಾರ ಚೌಕಿ ದಾಟಿ ಹೈವೇಯಲ್ಲಿ ಸುರತ್ಕಲ್‌ವರೆಗೆ ಸೈಕಲಲ್ಲಿ ಹೋಗ್ತೀರಾ ಅಂತ ಕೇಳಿದವರಿಗೆ: ಇಲ್ಲ. ಕೂಳೂರು ಸೇತುವೆ ಮೇಲೆ ಟ್ಯಾಂಕರ್‌ಗಳ ಜತೆ ಹೋಗುವ ಧೈರ್ಯ ನನಗಿಲ್ಲ.