ಸಹಾಯ ಬೇಕು: ಲೂಪಸ್ ಇದೆ ಅಂತ ಆಫೀಸಿನಲ್ಲಿ ಯಾರಿಗೆ ಹೇಳಲಿ?

ನನಗೆ ಲೂಪಸ್ ಇದೆ. ರೋಗನಿರೋಧಕ ಶಕ್ತಿ ನಮ್ಮ ದೇಹದ ಮೇಲೆಯೇ ತಿರುಗಿ ಬೀಳುವ ಕಾಯಿಲೆ, ಅಂಟುವಂಥದ್ದಲ್ಲ. ನೋಡುವವರಿಗೆ ಚೆನ್ನಾಗಿಯೇ ಕಾಣುತ್ತೇನೆ. ಆದರೆ ಕೆಲವು ದಿನ ಬೆಳಿಗ್ಗೆ ಬೆರಳು ಮಡಚಲು ಆಗುವುದಿಲ್ಲ, ಶರ್ಟಿನ ಒಂದೊಂದು ಗುಂಡಿ ಹಾಕುವುದೂ ಕಷ್ಟ. ಬಿಸಿಲಿಗೆ ಹೋದರೆ ಇನ್ನೂ ಜಾಸ್ತಿ.

ಮನೆಯವರಿಗೆ ಗೊತ್ತು. ಈಗ ನಮ್ಮ ತಂಡಕ್ಕೆ ಹೊರಗೆ ಓಡಾಡುವ ಕೆಲಸ ಬರುತ್ತಿದೆ, ಮ್ಯಾನೇಜರಿಗೆ ಹೇಳದೆ ವಿಧಿಯಿಲ್ಲ. ಕಾಯಿಲೆಯ ಹೆಸರೂ ಹೇಳಬೇಕಾ? ಅಥವಾ "ವೈದ್ಯರು ಬಿಸಿಲು ಬೇಡ ಎಂದಿದ್ದಾರೆ" ಅಂದರೆ ಸಾಕಾ? ಪಕ್ಕದ ಸೀಟಿನ ಗೆಳತಿಗೆ ಮೊದಲು ಹೇಳೋಣ ಅನಿಸುತ್ತದೆ, ಅವಳು ಗುಟ್ಟು ಬಿಟ್ಟುಕೊಡುವವಳಲ್ಲ.

ನನ್ನ ಭಯ ಒಂದೇ. ಪಾಪ ಅಂತ ಒಳ್ಳೆಯ ಕೆಲಸಗಳಿಂದ ಸುಮ್ನೆ ದೂರ ಇಟ್ಟುಬಿಟ್ಟರೆ? ಹೀಗೆ ಹೇಳಿಕೊಂಡವರು ಇದ್ದರೆ, ಯಾರಿಗೆ, ಎಷ್ಟು ಹೇಳಿದಿರಿ ಅಂತ ದಯವಿಟ್ಟು ಬರೆಯಿರಿ.